ಬೀರಯ್ಯನ ಬಕೆಟ್ಟು

“ಮೆಲ್ಲಗೆ ಓದು ಮಗ. ಯಾರಾರ ಕೇಳಿಸ್ಕಂಡಾರು.”

ದಿನಾ ಸಂಜೆ ನಾನು ಕಮಲಳಿಗೆ ಹೇಳುತ್ತಿದ್ದ ಮಾತು ಇದು. ಓದುವುದೇನು ಕಳ್ಳತನವೇ? ಅಲ್ಲ. ಆದರೂ ಹೆದರಿಕೆ. ನಮ್ಮ ಕೇರಿಯಲ್ಲಿ ಮಿಡ್ಲ್ ಸ್ಕೂಲು ದಾಟಿದ ಹುಡುಗಿ ನನ್ನ ಮಗಳೊಬ್ಬಳೇ. ಹೈಸ್ಕೂಲಿಗೆ ಸೇರಿ ಇನ್ನೂ ಹೊಸದು. ಅವಳ ದನಿ ಗೋಣಿತಾಟಿನ ಬಾಗಿಲು ದಾಟಿ ಯಾರ ಕಿವಿಗೋ ಬಿದ್ದು, ಅದು ಹೋಗಿ ಮುನಿಸಿಪಾಲಿಟಿ ಆಫೀಸಿಗೆ ಮುಟ್ಟಿ, ಈ ಮನೆಯಲ್ಲಿ ದುಡಿಯುವ ವಯಸ್ಸಿನ ಆಳೊಂದು ಸುಮ್ಮನೆ ಕೂತಿದೆ ಎಂದು ಅವರಿಗೆ ನೆನಪಾದರೆ? ಇದೇ ನನ್ನ ಹೆದರಿಕೆ. ಕೊನೆಗೂ ಹಾಗೇ ಆಯಿತು.

ನಾವು ಕಕ್ಕಸು ಬಾಚುವವರು. ಸುತ್ತಿ ಬಳಸಿ ಹೇಳುವುದಿಲ್ಲ. ಮೈಸೂರು ಚೆಂದದ ಊರು ಎಂದು ದೇಶವೆಲ್ಲ ಹೊಗಳುತ್ತದೆ. ಹೊಗಳಲಿ. ಅವರು ನೋಡುವುದು ಮುಂದಿನ ಬೀದಿ. ಮನೆಗಳ ಹಿಂದೆ ಒಂದು ಗಲ್ಲಿ ಇರುತ್ತದೆ, ಅಲ್ಲಿಗೆ ಆ ಮನೆಯವರೂ ಬರುವುದಿಲ್ಲ. ಹಿತ್ತಿಲ ಗೋಡೆಯಲ್ಲಿ ನೆಲಕ್ಕೆ ಹತ್ತಿದಂತೆ ತಗಡಿನ ಕಿಂಡಿ. ಅದನ್ನು ಎತ್ತಿ, ಬಗ್ಗಿ, ಕೈ ಒಳಗೆ ತೂರಿಸಿ, ಡಬ್ಬ ಎಳೆದು, ನಮ್ಮ ಬಕೆಟ್ಟಿಗೆ ಸುರಿದುಕೊಳ್ಳಬೇಕು. ತಲೆಗೆ ಸಿಂಬೆ ಇಟ್ಟು ಹೊತ್ತು ಗಲ್ಲಿಯ ಕೊನೆಯಲ್ಲಿ ನಿಂತ ಗಾಡಿಗೆ ಹಾಕಬೇಕು. ಮಳೆ ಬಂದರೆ ಬಕೆಟ್ಟು ತುಳುಕುತ್ತದೆ. ಕಣ್ಣಿಗೆ ಇಳಿಯುತ್ತದೆ, ಬಾಯಿಗೆ ಇಳಿಯುತ್ತದೆ. ಉಗುಳಿ ಮುಂದಿನ ಕಿಂಡಿಗೆ ಹೋಗಬೇಕು. ಕೈ ಒಳಗಿರುವಾಗಲೇ ಮೇಲೆ ಯಾರೋ ಬಂದು ಕೂತುಬಿಡುತ್ತಾರೆ. “ಆಳು ಇವ್ನಿ ಬುದ್ಧಿ” ಎಂದು ಕೂಗಿದರೂ ಏಳುವುದಿಲ್ಲ.

ನನ್ನ ಗಂಡ ಬೀರಯ್ಯ ಮೀಸೆ ಮೂಡುವ ಮೊದಲೇ ಬಕೆಟ್ಟು ಹೊತ್ತವನು. ನಾನೂ ಹೊತ್ತೆ, ಗಲ್ಲಿಯಲ್ಲಿ ಜಾರಿ ಬಲಭುಜ ಮುರಿದುಕೊಳ್ಳುವವರೆಗೆ. ಆಮೇಲೆ ಆ ಕೈ ಕಿವಿಗಿಂತ ಮೇಲೆ ಏಳಲಿಲ್ಲ. ಪೊರಕೆ ಕೊಟ್ಟರು. ಬೀದಿ ಗುಡಿಸುತ್ತೇನೆ.

ಬೀರಯ್ಯ ಹೋದ ಮಳೆಗಾಲದಲ್ಲಿ ಸತ್ತ. ಅವನು ಬಾಚುತ್ತಿದ್ದ ಗಲ್ಲಿಯ ದೊಡ್ಡ ಮನೆಯೊಂದರ ಹಿಂದಿನ ಗುಂಡಿ ಕಟ್ಟಿಕೊಂಡಿತ್ತು. ಇಳಿ ಎಂದರು. ಇಳಿದ. ಸೊಂಟಕ್ಕೆ ಕಟ್ಟಿದ್ದ ಹಗ್ಗ ಎಳೆದಾಗ ಬಂದದ್ದು ಹೆಣ. ಮೂಗು ಬಾಯಿ ತುಂಬ ಊರಿನ ಹೇಲು. ನಾನು ಬೆರಳು ಹಾಕಿ ತೆಗೆದೆ, ತೆಗೆದಷ್ಟೂ ಬರುತ್ತಿತ್ತು. “ಕುಡಿದಿದ್ದ, ಅದಕ್ಕೇ ಸತ್ತ” ಎಂದರು ಆಫೀಸಿನವರು. ಕುಡಿದಿದ್ದ, ಹೌದು. ಕುಡಿಯದೆ ಅದರೊಳಗೆ ಇಳಿಯುವ ಗಂಡಸು ಇದ್ದರೆ ತೋರಿಸಿ, ಅವನ ಕಾಲು ತೊಳೆದು ನೀರು ಕುಡಿಯುತ್ತೇನೆ.

ನಮ್ಮ ಕೇರಿಯಲ್ಲಿ ಒಂದು ಪದ್ಧತಿ ಇದೆ. ಬಕೆಟ್ಟು ಹೊತ್ತವನು ಸತ್ತರೆ ಅವನ ಬಕೆಟ್ಟೂ ಹೆಣದ ಹಿಂದೆ ಹೋಗಬೇಕು. ಮಣ್ಣು ಮುಚ್ಚಿದ ಮೇಲೆ ಗುಡ್ಡೆಯ ಮೇಲೆ ಅದನ್ನು ಬೋರಲು ಹಾಕುತ್ತಾರೆ. ಹೆಂಡತಿಯೋ ಮಗನೋ ಹಾರೆಯಿಂದ ಅದರ ತಳ ತೂತು ಮಾಡಬೇಕು. ಆಗ ಆ ಮನೆಗೂ ಆ ಕೆಲಸಕ್ಕೂ ಋಣ ಹರಿಯಿತು. ಆಮೇಲೆ ತಿಥಿ. ತಳ ಒಡೆದ ಮೇಲೆ ತಿಥಿ ಆಗುವವರೆಗೆ ಸತ್ತವನ ಗಲ್ಲಿಗೆ ಬೇರೆ ಯಾರೂ ಕಾಲಿಡುವುದಿಲ್ಲ. ಇಟ್ಟರೆ ಅವನು ಬೆನ್ನು ಹತ್ತುತ್ತಾನೆ. ತಳ ಒಡೆಯದೆ ಬಿಟ್ಟರೆ ಇನ್ನೂ ಕೆಟ್ಟದ್ದು. ಬಕೆಟ್ಟು ಆ ಮನೆಯಿಂದಲೇ ಇನ್ನೊಂದು ತಲೆ ಕೇಳುತ್ತದೆ. ನಮ್ಮಜ್ಜಿಯ ಕಾಲದಿಂದ ಹೇಳಿಕೊಂಡು ಬಂದ ಮಾತು. ನಗುವವರು ನಗಲಿ.

ಮೊದಲೆಲ್ಲ ಬಿದಿರಿನ ಬುಟ್ಟಿ ಇತ್ತು, ಒಡೆದರೆ ಕೇಳುವವರಿರಲಿಲ್ಲ. ಈಗ ತಗಡಿನದು, ಆಫೀಸಿನದು. ಬೀರಯ್ಯನ ಗುಡ್ಡೆಯ ಮೇಲೆ ಬಕೆಟ್ಟು ಬೋರಲು ಹಾಕಿ ನಾನು ಹಾರೆಗೆ ಕೈ ಹಾಕಿದ್ದೆ. ಅಷ್ಟರಲ್ಲಿ ದಫೇದಾರ ಚಿಕ್ಕಯ್ಯ ಓಡಿ ಬಂದ. ನಮ್ಮವನೇ, ನಮ್ಮ ಕೇರಿಯವನೇ. ನಮ್ಮನ್ನು ಕೆಲಸಕ್ಕೆ ಹಂಚುವ ಕೋಲು ಅವನ ಕೈಗೆ ಕೊಟ್ಟಿದ್ದರು.

“ದೇವಿರಕ್ಕ, ಬ್ಯಾಡ. ಆಫೀಸಿನ ಇನ್‌ಸ್ಪೆಕ್ಟರು ಯೋಳವ್ರೆ, ಇದು ಸರ್ಕಾರಿ ಮಾಲು. ವಾಪಸ್ ತತ್ತೀಯೋ ಇಲ್ಲ ಕೆಲಸ ಬುಡ್ತೀಯೋ ಅಂದ್ರು.”

“ಸತ್ತೋನ ಬಕೀಟು ಕಣೋ ಚಿಕ್ಕಯ್ಯ!”

“ನಂಗೊತ್ತಿಲ್ವಾ ಅಕ್ಕ? ನಾನೇನ್ಮಾಡ್ಲಿ?”

ಹೊತ್ತುಕೊಂಡು ಹೋದ. ನೆಲ ನೋಡಿಕೊಂಡು ಹೋದ. ಕೇರಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎಲ್ಲರೂ ಕಮಲಳ ಕಡೆ ನೋಡಿದರು. ನಾನು ಅವಳನ್ನು ಹತ್ತಿರಕ್ಕೆ ಎಳೆದುಕೊಂಡೆ.

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ತಿಥಿಯನ್ನೂ ಮಾಡಲಿಲ್ಲ, ಬಕೆಟ್ಟು ಒಡೆಯದೆ ಮಾಡುವಂತಿಲ್ಲ. ಬಕೆಟ್ಟು ಒಡೆಯದ್ದರಿಂದ ಬೀರಯ್ಯನ ಗಲ್ಲಿ ಇನ್ನೂ ನಮ್ಮ ಮನೆಯದೇ ಲೆಕ್ಕ, ಕೇರಿಯವರು ನಮ್ಮ ಪರವಾಗಿ ಸರದಿಯಲ್ಲಿ ಮಾಡಿಕೊಡುತ್ತಿದ್ದರು. ಹೊರಗೆ ತಗಡಿನ ಸದ್ದಾದರೆ ಎದ್ದು ಬಾಗಿಲಿಗೆ ಓಡುತ್ತಿದ್ದೆ. ಮಗಳು ಸ್ಕೂಲಿಂದ ಸ್ವಲ್ಪ ತಡವಾದರೆ ಬೀದಿ ಕೊನೆಗೆ ಹೋಗಿ ನಿಲ್ಲುತ್ತಿದ್ದೆ. ಬಂದರೆ ಬೈಯುತ್ತಿದ್ದೆ. “ಯಾಕವ್ವ ಇಂಗೆ ಎದರ್ಕತೀಯ?” ಎಂದು ಅವಳು ಕೇಳುತ್ತಿದ್ದಳು. ಮಾತು ತಿರುಗಿಸಿ ಏನಾದರೂ ಕೆಲಸ ಹೇಳುತ್ತಿದ್ದೆ.

ಆಫೀಸಿನ ಗೋಡೆಯ ಮೇಲೆ ನೀಲಿ ಅಕ್ಷರಗಳಿದ್ದವು. ಪಕ್ಕದಲ್ಲಿ ಕೋಲು ಹಿಡಿದ ಗಾಂಧಿ ತಾತನ ಚಿತ್ರ. ದಿನಾ ಬೆಳಿಗ್ಗೆ ಅದರ ಕೆಳಗೆ ನಮ್ಮ ಹಾಜರಿ. ನಾವು ಮೆಟ್ಟಿಲು ಹತ್ತುವಂತಿಲ್ಲ, ಕುಡಿಯುವ ನೀರಿನ ಕೊಳಾಯಿ ಮುಟ್ಟುವಂತಿಲ್ಲ. ಬೊಗಸೆ ಹಿಡಿದರೆ ಜವಾನ ಮೇಲಿಂದ ಸುರಿಯುತ್ತಾನೆ. ಅಕ್ಷರ ಏನೆನ್ನುತ್ತದೆ ಎಂದು ನಮಗಾರಿಗೂ ಗೊತ್ತಿರಲಿಲ್ಲ. ಒಂದು ದಿನ ನನಗೆ ಬುತ್ತಿ ಕೊಡಲು ಬಂದ ಕಮಲ ಗೋಡೆ ನೋಡಿ ಗಟ್ಟಿಯಾಗಿ ಓದಿಬಿಟ್ಟಳು: ಯಾವ ಕೆಲಸವೂ ಕೀಳಲ್ಲ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಸ್ಕೂಲಲ್ಲಿ ಮೇಷ್ಟ್ರು ಹೇಳಿಕೊಟ್ಟದ್ದನ್ನೂ ಹೇಳಿದಳು. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಒಂದೇ ಬೆಲೆ ಅನ್ನುತ್ತಿದ್ದರಂತೆ ತಾತ. ಕಕ್ಕಸು ಬಾಚುವವರು ಊರಿಗೆ ತಾಯಿ ಇದ್ದ ಹಾಗೆ, ತಾಯಿ ಮಗುವಿಗೆ ಮಾಡುವುದನ್ನೇ ಇವರು ಊರಿಗೆ ಮಾಡುತ್ತಾರೆ ಅನ್ನುತ್ತಿದ್ದರಂತೆ.

ನಮ್ಮ ಹೆಂಗಸರು ಬಾಯಿಗೆ ಸೆರಗಿಟ್ಟು ನಕ್ಕರು. ಕೇರಿಯ ಹಿರಿಯಳು ಬೆಟ್ಟಮ್ಮಜ್ಜಿ, “ತಾಯಿ ಅಂತೆ! ಅವ್ವಂಗೆ ನೀರು ಎತ್ತಿ ಉಯ್ಯೋ ಮಕ್ಕಳ್ನ ನಾನು ಕಂಡಿಲ್ಲ ಕಣವ್ವ” ಎಂದಳು. ನಾನೂ ನಗುತ್ತಿದ್ದೆ. ತಿರುಗಿದರೆ ಹಿಂದೆ ಇನ್‌ಸ್ಪೆಕ್ಟರು ಗುರುಮಲ್ಲಪ್ಪ ನಿಂತಿದ್ದಾರೆ. ಥಟ್ಟನೆ ಬಗ್ಗಿ ಕೈ ಮುಗಿದೆ.

“ಯಾರು ಈ ಹುಡುಗಿ?”

“ನನ್ ಮಗಳು ಬುದ್ಧಿ. ಓದ್ತಾಳೆ. ಚಿಕ್ಕೋಳು.”

“ಚಿಕ್ಕೋಳೇ? ಒಳ್ಳೇ ಗಟ್ಟಿಮುಟ್ಟಾಗಿದಾಳಲ್ಲ!” ಎಂದು ಅವಳನ್ನು ಮೇಲಿಂದ ಕೆಳಗೆ ಅಳೆದರು. “ಬೀರನ ಮಗಳು ಅನ್ನು. ನೋಡು ದೇವಿರಿ, ಆ ಗುಡಿಸಲು ಬೀರನ ಕೆಲಸಕ್ಕೆ ಅಂತ ಕೊಟ್ಟಿದ್ದು. ಆ ಗಲ್ಲಿಗೆ ಆಳು ಕೊಡು. ಇಲ್ಲ ಅಂದ್ರೆ ದಸರಾ ಕಳೆದ ಮೇಲೆ ಮನೆ ಖಾಲಿ ಮಾಡು.”

“ಓದೋ ಕೂಸು ಬುದ್ಧಿ...”

“ಓದಿ ಏನು ಅಮಲ್ದಾರಳಾಗ್ತಾಳಾ? ಈಗ ಅವಳೇ ಹೇಳಿದಳಲ್ಲ, ಯಾವ ಕೆಲಸವೂ ಕೀಳಲ್ಲ ಅಂತ!”

ಕಮಲಳ ಮುಖ ಸುಣ್ಣದಂತಾಯಿತು. ತಾನು ಓದಿದ ಮಾತೇ ತನ್ನ ಕುತ್ತಿಗೆಗೆ ಬಂದದ್ದು ಅವಳಿಗೆ ಅದೇ ಮೊದಲು.

ಕೆಲವು ದಿನ ಕಳೆದು ಚಿಕ್ಕಯ್ಯ ಮನೆಗೆ ಬಂದ. ಈ ವರ್ಷ ಗಾಂಧಿ ಜಯಂತಿ, ಆಯುಧಪೂಜೆ ಎರಡೂ ಒಂದೇ ದಿನ ಬಿದ್ದಿದ್ದವು. ಆಫೀಸಿನ ಮುಂದೆ ಚಪ್ಪರ ಹಾಕಿ ಸಭೆ ಮಾಡುತ್ತಾರಂತೆ. ವಾರ್ಡಿನ ಅಧ್ಯಕ್ಷರು ಗೋವಿಂದರಾಜು ಅವರು ಬರುತ್ತಾರಂತೆ. ಸಭೆಯಲ್ಲಿ ಕಮಲ ತಾತನ ಮಾತುಗಳನ್ನು ಹೇಳಬೇಕಂತೆ.

“ಬವುಮಾನ ಕೊಡ್ತಾರಂತೆ ಅಕ್ಕ” ಎಂದ. ನನ್ನ ಕಣ್ಣು ನೋಡಲಿಲ್ಲ.

ನಾನು ಪೆದ್ದಿ, ನಂಬಿದೆ. ಪುಸ್ತಕ ಕೊಡಬಹುದು, ಲಂಗದ ಬಟ್ಟೆ ಕೊಡಬಹುದು ಎಂದುಕೊಂಡೆ. ಗೋವಿಂದರಾಜು ಅವರು ಒಳ್ಳೆಯವರು ಎಂದು ಕೇಳಿದ್ದೆ. ಖಾದಿ ಉಡುತ್ತಾರೆ, ಗಟ್ಟಿಯಾಗಿ ಮಾತಾಡುವುದಿಲ್ಲ. ಅವರ ಮನೆ ಬೀರಯ್ಯನ ಗಲ್ಲಿಯಲ್ಲೇ ಇತ್ತು. ಅವರ ಕಿಂಡಿ ನನಗೆ ಗೊತ್ತು, ಮುಖ ಗೊತ್ತಿರಲಿಲ್ಲ. ಮಗಳು ಚೆನ್ನಾಗಿ ಹೇಳಿದರೆ ಅವರ ಮನಸ್ಸು ಕರಗುತ್ತದೆ. ಆಗ ಅವರ ಕಾಲು ಹಿಡಿದುಬಿಡಬೇಕು. ಕೂಸನ್ನು ಓದಕ್ಕೆ ಬುಟ್ಬುಡಿ ಬುದ್ಧಿ ಎನ್ನಬೇಕು. ಬೀದಿ ಗುಡಿಸುವಾಗೆಲ್ಲ ಈ ಮಾತನ್ನೇ ಬಾಯಲ್ಲಿ ಹೊರಳಿಸಿ ಹೊರಳಿಸಿ ನುಣ್ಣಗೆ ಮಾಡಿಕೊಂಡೆ.

ಸಭೆಯ ಹಿಂದಿನ ದಿನ ಗುರುಮಲ್ಲಪ್ಪ ಕಮಲಳನ್ನು ಆಫೀಸಿನ ಹೊರಗೆ ನಿಲ್ಲಿಸಿ ಒಪ್ಪಿಸಲು ಹೇಳಿದರು. ಅವಳು ಗೋಡೆಯ ಮಾತು ಹೇಳಿದಳು. ವಕೀಲ-ಕ್ಷೌರಿಕರ ಮಾತು ಹೇಳಿದಳು. ತಾಯಿಯ ಮಾತು ಹೇಳಿದಳು. ಅವರು ತಲೆಯಾಡಿಸಿದರು. ಆಮೇಲೆ ಇನ್ನೊಂದು ಹೇಳಿದಳು: “ಹೆದರುವವನಿಗೆ ಸತ್ಯ ಸಿಕ್ಕುವುದಿಲ್ಲ. ಮೊದಲು ಹೆದರಿಕೆ ಬಿಡಬೇಕು.”

“ಅದು ಬೇಡ.”

“ಅದೂ ಗಾಂಧೀಜಿ ಹೇಳಿದ್ದೇ ಸಾರ್. ಮೇಷ್ಟ್ರು...”

“ಬೇಡ ಅಂದ್ನಲ್ಲ. ನಿಮಗೆ ಬೇಕಾದ್ದು ಮೂರು. ಮೂರೇ ಸಾಕು.”

ಆಯುಧಪೂಜೆಯ ದಿನ ಮೈಸೂರಿನಲ್ಲಿ ಆಯುಧಕ್ಕೆಲ್ಲ ರಜ. ಬಡಗಿ ಉಳಿ ಮುಟ್ಟುವುದಿಲ್ಲ, ದರ್ಜಿ ಕತ್ತರಿ ಮುಟ್ಟುವುದಿಲ್ಲ. ಸೈಕಲ್ಲಿಗೂ ಹೂವು, ಜಟಕಾ ಕುದುರೆಗೂ ಕುಂಕುಮ. ನಮ್ಮ ಬಕೆಟ್ಟಿಗೆ ಮಾತ್ರ ರಜ ಇಲ್ಲ. ದಸರಾಕ್ಕೆ ಬಂದ ನೆಂಟರು ಹಬ್ಬದೂಟ ಉಂಡು ಡಬ್ಬ ತುಂಬಿಸುತ್ತಾರಲ್ಲ! ಬೆಳಕು ಹರಿಯುವ ಮೊದಲೇ ನಮ್ಮವರು ಗಲ್ಲಿ ಮುಗಿಸಿ, ಮೈ ತೊಳೆದು, ಚಪ್ಪರದ ಹೊರಗೆ ಬಿಸಿಲಿನಲ್ಲಿ ಕುಕ್ಕರಗಾಲಲ್ಲಿ ಕೂತರು. ಬೀದಿ ತುಂಬ ಒಡೆದ ಬೂದುಗುಂಬಳದ ಚೂರು. ನಾಳೆ ಅದನ್ನು ಗುಡಿಸಬೇಕಾದವಳೂ ನಾನೇ.

ವೇದಿಕೆಯ ಮೇಲೆ ತಾತನ ಚಿತ್ರಕ್ಕೆ ಹಾರ. ಅದರ ಮುಂದೆ ಸಾಲಾಗಿ ನಮ್ಮ ಹತಾರಗಳು. ಪೊರಕೆ, ಕಸ ಬಾಚುವ ಗೋರೆ, ಹಾರೆ. ಎಲ್ಲಕ್ಕೂ ಅರಿಶಿನ ಕುಂಕುಮ. ನಾವು ಹತ್ತದ ಮೆಟ್ಟಿಲನ್ನು ನಮ್ಮ ಪೊರಕೆ ಹತ್ತಿತ್ತು. ಒಂದು ಮೂಲೆಯಲ್ಲಿ ಖಾದಿ ಬಟ್ಟೆ ಮುಚ್ಚಿದ ಏನೋ ಒಂದು. ಬಹುಮಾನ ಇರಬೇಕು ಎಂದುಕೊಂಡೆ. ದೊಡ್ಡದಿತ್ತು. ನನಗೆ ಖುಷಿಯಾಯಿತು, ದೇವರಾಣೆಗೂ ಖುಷಿಯಾಯಿತು.

ಕಮಲ ಹತ್ತಿದಳು. ಒಗೆದು ಮಡಿಸಿಟ್ಟಿದ್ದ ಹಸಿರು ಲಂಗ.  ದನಿ ನಡುಗಲಿಲ್ಲ. ಮೂರು ಮಾತನ್ನೂ ಹೇಳಿದಳು. ಆಮೇಲೆ ಒಂದು ಗಳಿಗೆ ಬಾಯಿ ತೆರೆದು ನಿಂತಳು. ಗುರುಮಲ್ಲಪ್ಪ ಕಣ್ಣು ಬಿಟ್ಟರು. ಅವಳು ಬಾಯಿ ಮುಚ್ಚಿದಳು. ಜನ ಚಪ್ಪಾಳೆ ತಟ್ಟಿದರು.

ಗೋವಿಂದರಾಜು ಅವರು ಎದ್ದು ನಿಂತರು. ಅವರ ಕಣ್ಣಲ್ಲಿ ನೀರಿತ್ತು. ಸುಳ್ಳು ನೀರಲ್ಲ, ನಿಜವಾದದ್ದೇ. ಅದನ್ನು ನೆನೆದರೆ ನನಗೆ ಈಗಲೂ ಇನ್ನೂ ಹೆಚ್ಚು ಭಯವಾಗುತ್ತದೆ.

“ಕೇಳಿದಿರಾ?” ಎಂದರು. “ಈ ಬಾಲೆ ನಮ್ಮ ಕಣ್ಣು ತೆರೆಸಿದಳು. ಇವಳ ತಂದೆ ಬೀರಯ್ಯ ನಮ್ಮ ಬೀದಿಗೇ ತಾಯಿಯಾಗಿದ್ದ. ತಂದೆ ಮಾಡಿದ ತಾಯಿಸೇವೆಯನ್ನು ಇವತ್ತಿನಿಂದ ಮಗಳು ಮುಂದುವರಿಸುತ್ತಾಳೆ. ಬಾಪೂ ಹುಟ್ಟಿದ ದಿನ, ಆಯುಧಪೂಜೆಯ ದಿನ, ಇದಕ್ಕಿಂತ ಒಳ್ಳೆಯ ಮುಹೂರ್ತ ಯಾವುದು?”

ಗುರುಮಲ್ಲಪ್ಪ ಖಾದಿ ಬಟ್ಟೆ ಎಳೆದರು.

ಬಕೆಟ್ಟು. ಬಿಳಿ ಬಣ್ಣ ಬಳಿದಿದ್ದರು. ಸೇವಂತಿಗೆ ಹಾರ ಹಾಕಿದ್ದರು. ಹೊಟ್ಟೆಯ ಮೇಲೆ ನೀಲಿ ಅಕ್ಷರದಲ್ಲಿ ಏನೋ ಬರೆದಿತ್ತು. ತಾಯಿಸೇವೆ ಅಂತ ಬರೆದಿತ್ತು ಎಂದು ಕಮಲ ಆಮೇಲೆ ಹೇಳಿದಳು.

“ತಾಯಿಯೂ ಬರಲಿ. ತಾಯಿ ಕೈಯಿಂದಲೇ ಮಗಳ ತಲೆಗೆ ಏರಿಸಲಿ” ಎಂದರು ಗೋವಿಂದರಾಜು. ಫೋಟೋ ತೆಗೆಯುವವನು ಮುಂದೆ ಬಂದ.

ನಾನು ಮೆಟ್ಟಿಲು ಹತ್ತಿದೆ. ಹೇಗೆ ಹತ್ತಿದೆನೋ ಗೊತ್ತಿಲ್ಲ. ನುಣ್ಣಗೆ ಮಾಡಿಟ್ಟುಕೊಂಡಿದ್ದ ಮಾತು ಎಲ್ಲಿ ಹೋಯಿತೋ.  ಕಾಲಿಗೆ ಬೀಳೋಣ ಎಂದು ಬಗ್ಗಿದೆ. ಗುರುಮಲ್ಲಪ್ಪ ನನ್ನ ರಟ್ಟೆ ಹಿಡಿಯಲು ಅಸಹ್ಯಪಟ್ಟು ಕೋಲಿನಿಂದ ಪಕ್ಕೆಗೆ ತಿವಿದರು. “ಬಕೆಟ್ಟು ಎತ್ತು.”

“ಭುಜ ಏಳಕ್ಕಿಲ್ಲ ಬುದ್ಧಿ.”

“ಚಿಕ್ಕಯ್ಯ ಕೈ ಹಾಕ್ತಾನೆ. ಎತ್ತು.”

ಹಿಡಿಗೆ ಕೈ ಹಾಕಿದೆ. ಬಣ್ಣದ ಅಡಿಯಲ್ಲಿ ಮೆತ್ತಗೆ ಏನೋ ಸಿಕ್ಕಿತು.

ಸೈಕಲ್ ಟ್ಯೂಬು. ಹಿಡಿ ಕೈ ಕೊಯ್ಯುತ್ತದೆ ಎಂದು ಬೀರಯ್ಯ ಹಳೇ ಟ್ಯೂಬಿನ ಪಟ್ಟಿ ಸುತ್ತಿ ಮೇಲೆ ತಂತಿ ಬಿಗಿದಿದ್ದ. ನಮ್ಮ ಬಾಗಿಲಲ್ಲೇ ಕೂತು ಬಿಗಿದಿದ್ದ. ತಂತಿಯ ತುದಿ ಚುಚ್ಚದ ಹಾಗೆ ಒಳಕ್ಕೆ ಮಡಿಸು ಎಂದು ನಾನೇ ಹೇಳಿದ್ದೆ. ಬೆರಳಿಟ್ಟು ನೋಡಿದೆ. ತುದಿ ಒಳಕ್ಕೆ ಮಡಿಸಿತ್ತು.

ಇದು ಗುಡ್ಡೆಯ ಮೇಲಿಂದ ಎದ್ದು ಬಂದ ಬಕೆಟ್ಟು. ಒಡೆಯದೆ ಬಿಟ್ಟ ಬಕೆಟ್ಟು. ಹೂವು ಮುಡಿದುಕೊಂಡು ನನ್ನ ಮಗಳ ತಲೆ ಕೇಳಲು ಬಂದಿದೆ. ಚಿಕ್ಕಯ್ಯನ ಮುಖ ನೋಡಿದೆ. ಅವನು ಮುಖ ತಿರುಗಿಸಿಕೊಂಡ. ಅವನಿಗೆ ಗೊತ್ತಿತ್ತು. ಈ ಖಾದಿಯವರಿಗೆ, ಈ ಕೋಲಿನವರಿಗೆ ಏನೂ ಗೊತ್ತಿರಲಿಲ್ಲ. ಅವರಿಗೆ ಅದು ಬಣ್ಣ ಬಳಿದ ತಗಡು.

ಕಮಲಳ ತಲೆಯ ಮೇಲೆ ಸಿಂಬೆ ಇಟ್ಟಾಗಿತ್ತು. ಅವಳು ಕತ್ತು ಬಗ್ಗಿಸಿದ್ದಳು. “ಅವ್ವಾ...” ಎಂದಳು, ನನಗೊಬ್ಬಳಿಗೆ ಕೇಳುವಷ್ಟು.

ನನಗೆ ಧೈರ್ಯ ಬಂತು ಎಂದು ಯಾರೂ ತಿಳಿಯಬೇಡಿ. ಹೆದರಿಕೆಗೆ ನಾನು ಉಟ್ಟ ಸೀರೆಯಲ್ಲೇ ಒಂದಕ್ಕೆ ಮಾಡಿಕೊಂಡೆ. ಬಿಸಿಯಾಗಿ ಕಾಲ ಮೇಲೆ ಇಳಿಯಿತು. ವೇದಿಕೆಯ ಜಮಖಾನೆ ಒದ್ದೆಯಾಯಿತು. ಪೊಲೀಸರು, ಬೀದಿಪಾಲು, ಲಾಠಿ, ಎಲ್ಲ ಕಣ್ಣ ಮುಂದೆ ಬಂತು. ಆದರೆ ಆ ಬಕೆಟ್ಟಿನ ಹೆದರಿಕೆ ಈ ಎಲ್ಲ ಹೆದರಿಕೆಗಿಂತ ದೊಡ್ಡದಿತ್ತು.

ಬಕೆಟ್ಟನ್ನು ಕೆಳಗೆ ಬೋರಲು ಹಾಕಿದೆ. ಸೇವಂತಿಗೆ ಚೆಲ್ಲಿತು. ಸಾಲಿನಲ್ಲಿದ್ದ ಹಾರೆ ತೆಗೆದುಕೊಂಡೆ. ಕೈಗೆ ಕುಂಕುಮ ಹತ್ತಿತು. ತಲೆಯ ಮೇಲೆ ಎತ್ತಲು ಭುಜ ಕೇಳಲಿಲ್ಲ, ಎದೆಯ ಮಟ್ಟದಿಂದಲೇ ಮೈಭಾರ ಹಾಕಿ ಕುಕ್ಕಿದೆ. ಹಾರೆ ಜಾರಿತು. ಬಕೆಟ್ಟು ಉರುಳಿ ಹೋಯಿತು.

“ಏಯ್! ಹುಚ್ಚು ಹಿಡೀತಾ? ಹಿಡ್ಕೊಳ್ಳೋ ಚಿಕ್ಕಯ್ಯ, ಹಿಡ್ಕೋ ಅವಳನ್ನ!”

ಚಿಕ್ಕಯ್ಯ ಓಡಿ ಬಂದ. ಮಂಡಿಯೂರಿದ. ಹಿಡಿದದ್ದು ನನ್ನನ್ನಲ್ಲ. ಬಕೆಟ್ಟನ್ನು ಮತ್ತೆ ಬೋರಲು ಹಾಕಿ, ಉರುಳದ ಹಾಗೆ ಎರಡು ಕೈಯಲ್ಲೂ ಅದುಮಿ ಹಿಡಿದ. ಕತ್ತು ಎತ್ತಲಿಲ್ಲ. “ಹಾಕಕ್ಕ” ಎಂದ.

ಹಾಕಿದೆ. ಭುಜದೊಳಗೆ ಮೂಳೆ ಮುರಿದಂತೆ ನೋವಾಯಿತು. ತಗಡು ಹರಿದು ಹಾರೆ ಕೆಳಗಿನ ಹಲಗೆಗೆ ನಾಟಿತು. ಚಪ್ಪರದ ಹೊರಗೆ ಕುಕ್ಕರಗಾಲಲ್ಲಿ ಕೂತಿದ್ದ ಕೇರಿಯವರು ಒಬ್ಬೊಬ್ಬರಾಗಿ ಎದ್ದು ನಿಂತರು, ಮಸಣದಲ್ಲಿ ಎದ್ದು ನಿಲ್ಲುವ ಹಾಗೆ. ಯಾರೂ ಕೂಗಲಿಲ್ಲ. ಗಂಡಸರು ತಲೆಯ ವಸ್ತ್ರ ತೆಗೆದರು. ಬೆಟ್ಟಮ್ಮಜ್ಜಿ ನೆಲದ ಮಣ್ಣು ಹಿಡಿದು ವೇದಿಕೆಯ ಕಡೆ ತೂರಿದಳು.

ಗುರುಮಲ್ಲಪ್ಪನ ಕೋಲು ನನ್ನ ಬೆನ್ನಿಗೆ ಬಿತ್ತು. ಚಿಕ್ಕಯ್ಯನ ಬೆನ್ನಿಗೂ ಬಿತ್ತು. “ಸರ್ಕಾರಿ ಮಾಲು! ಪೊಲೀಸಿಗೆ ಕೊಡ್ತೀನಿ! ನಾಳೆ ಸಂಜೆಯೊಳಗೆ ಮನೆ ಖಾಲಿ ಮಾಡಿಸ್ತೀನಿ!” ಕಮಲ ಸಿಂಬೆ ಕಿತ್ತು ಎಸೆದು ನನ್ನ ಕೈ ಹಿಡಿದು ಎಳೆದಳು. ಓಡಿದೆವು. ಒದ್ದೆ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಊರೆಲ್ಲ ಹಬ್ಬ, ನಾವಿಬ್ಬರೇ ಅಳುತ್ತ ಓಡುತ್ತಿದ್ದೆವು.

ಮರುದಿನ ವಿಜಯದಶಮಿ. ಬೆಳಿಗ್ಗೆ ಹಾಜರಿಗೆ ನಾನು ಹೋಗಲಿಲ್ಲ. ಏನಾಯಿತು ಎಂದು ಬೆಟ್ಟಮ್ಮಜ್ಜಿ ಬಂದು ಹೇಳಿದಳು. ಗುರುಮಲ್ಲಪ್ಪ ಬೀರಯ್ಯನ ಗಲ್ಲಿಗೆ ಆಳು ಕರೆದರು. ಯಾರೂ ಅಲ್ಲಾಡಲಿಲ್ಲ. ಕೆಲಸದಿಂದ ತೆಗೆಯುತ್ತೇನೆ ಎಂದರು. ಅಲ್ಲಾಡಲಿಲ್ಲ.

“ನಾನೇ ಯೋಳ್ದೆ” ಎಂದಳು ಅಜ್ಜಿ. “ನಮ್ಮ ನಮ್ಮ ಗಲ್ಲಿ ಮಾಡ್ತೀವಿ ಬುದ್ಧಿ. ಅವನ ಗಲ್ಲಿ ಆಗಾಕಿಲ್ಲ. ಬಕೀಟು ಒಡೆದಾಯ್ತು, ತಿಥಿ ಆಗಿಲ್ಲ. ಕಾಲಿಟ್ರೆ ಬೀರ ಬುಡಾಕಿಲ್ಲ. ನಿಮ್ಮ ಕೋಲಿಗಿಂತ ಅವನಿಗೇ ನಾವು ಎದರೋದು ಅಂದೆ.”

ಅದು ನಿಜವೂ ಆಗಿತ್ತು. ನಮ್ಮವರಲ್ಲಿ ಯಾರೂ ಕಲಿಗಳಲ್ಲ. ಸತ್ತವನ ಹೆದರಿಕೆ ಬದುಕಿದವರ ಹೆದರಿಕೆಯನ್ನು ತಡೆದು ನಿಲ್ಲಿಸಿತ್ತು, ಅಷ್ಟೇ.

ಅಂದು ಮಧ್ಯಾಹ್ನ ಅಂಬಾರಿ ನೋಡಲು ಊರೆಲ್ಲ ಸೇರಿತು. ದೂರದಲ್ಲಿ ಕುಶಾಲತೋಪು ಹಾರಿದಾಗೆಲ್ಲ ನಾನು ಬೆಚ್ಚಿ ಬೀಳುತ್ತಿದ್ದೆ. ಮಡಕೆ, ಚಾಪೆ, ಕಮಲಳ ಪುಸ್ತಕ ಎಲ್ಲ ಗಂಟು ಕಟ್ಟಿಟ್ಟಿದ್ದೆ. ಮಂಡಕಳ್ಳಿಯಲ್ಲಿ ನನ್ನ ತಮ್ಮ ಇದ್ದಾನೆ, ಓಡಿಸಿದರೆ ಅಲ್ಲಿಗೆ ಹೋಗುವುದು. ಅಲ್ಲಿಂದ ಹೈಸ್ಕೂಲಿಗೆ ಹೇಗೆ ಬರುತ್ತಾಳೆ? ಅದಕ್ಕೆ ಉತ್ತರ ಇರಲಿಲ್ಲ. ಸಂಜೆಯಾದರೂ ಯಾರೂ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಬಾರದಿದ್ದದ್ದೇ ಹೆಚ್ಚು ಹೆದರಿಕೆ. ಗಂಟು ಬಿಚ್ಚಲೂ ಭಯ.

ಅಷ್ಟರಲ್ಲಿ ಗಲ್ಲಿ ನಾರತೊಡಗಿತು. ನೆಂಟರು ತುಂಬಿದ ಮನೆಗಳು. ಕಿಂಡಿಗಳಿಂದ ಹೊರಕ್ಕೆ ಹರಿಯಿತಂತೆ. ಹಿಂದಿನಿಂದ ಮುಂದಿನ ಬೀದಿಗೂ ಬಂತಂತೆ.

ಮೂರನೆಯ ದಿನ ಸಂಜೆ ಗೋವಿಂದರಾಜು ಅವರೇ ಬಂದರು. ನಮ್ಮ ಕೇರಿಗೆ ಅವರು ಬಂದದ್ದು ಅದೇ ಮೊದಲು. ಮೂಗಿಗೆ ಕರವಸ್ತ್ರ ಹಿಡಿದಿದ್ದರು. ಜೊತೆಗೆ ಗುರುಮಲ್ಲಪ್ಪ. ಕೇರಿಯವರು ದೂರದಲ್ಲಿ ಗುಂಪುಗೂಡಿದರು. ನಾನು ಬಾಗಿಲಿಗೆ ಬಂದೆ. ಬಾಗಿಲ ಗಳು ಹಿಡಿದು ನಿಂತೆ.

“ದೇವಿರಮ್ಮ” ಎಂದರು. ಆ ಬಾಯಲ್ಲಿ ಅಮ್ಮ ಎಂದು ಕೇಳಿದ್ದೂ ಅದೇ ಮೊದಲು. “ನನಗೆ ಕೋಪ ಇಲ್ಲ. ಅದು ಬೀರಯ್ಯನ ಬಕೆಟ್ಟು ಅಂತ ನನಗೆ ಗೊತ್ತಿರಲಿಲ್ಲ. ನಿಮ್ಮ ಪದ್ಧತಿ ನಿಮಗಿರಲಿ. ತಿಥಿ ಮಾಡಿ ಮುಗಿಸಿಬಿಡು. ಖರ್ಚು ನಾನು ನೋಡ್ಕೋತೀನಿ. ಆಮೇಲೆ ಮಗಳನ್ನ ಗಲ್ಲಿಗೆ ಕಳಿಸು. ಬಾಪೂ ಏನು ಹೇಳಿದ್ದಾರೆ? ಮಕ್ಕಳು ನರಳುವಾಗ ತಾಯಿ ಹಟ ಹಿಡಿಯಬಾರದಮ್ಮ.”

ಆ ಮಾತು ಗಾಂಧಿ ತಾತ ಹೇಳಿದ್ದೋ, ಇವರೇ ಹೆಣೆದದ್ದೋ ನನಗೇನು ಗೊತ್ತು? ಹಿಂದಿನಿಂದ ಕಮಲ ಸೆರಗು ಜಗ್ಗಿದಳು. “ಹಂಗೇಳಿಲ್ಲ ಅವ್ವ” ಎಂದು ಪಿಸುಗುಟ್ಟಿದಳು. ನನ್ನ ಹೊಟ್ಟೆಯೊಳಗಿಂದ ಏನೋ ಮೇಲೆ ಬಂತು. ವಾಂತಿ ಎಂದುಕೊಂಡೆ. ಮಾತಾಗಿತ್ತು.

“ಬುದ್ಧಿ, ನನ್ ಗಂಡ ನಿಮ್ಮ ಬೀದಿಗೆ ತಾಯಿ ಅಂದ್ರಿ.”

“ಹೌದಮ್ಮ, ತಾಯಿಯೇ.”

“ತಾಯಿ ಸತ್ತಾಗ ತಲೆ ಬೋಳಿಸ್ಕೊಳೋರು ಯಾರು ಬುದ್ಧಿ? ಮಕ್ಕಳು ತಾನೆ? ಅವನು ನಿಮ್ಮ ಗುಂಡೀಲೇ ಸತ್ತ. ಅವನ ಬಾಯಿಂದ ನಾನು ಬೆರಳಾಕಿ ತೆಗೆದಿದ್ದು ನಿಮ್ಮದೇ. ಆ ಗಲ್ಲೀಲಿ ಯಾವ ಮನೆಯೋರು ತಲೆ ಬೋಳಿಸ್ಕಂಡ್ರಿ? ಯಾವ ಮನೇಲಿ ಒಂದೊತ್ತು ಒಲೆ ಆರಿಸಿದ್ರಿ?”

ಗೋವಿಂದರಾಜು ಅವರ ಕರವಸ್ತ್ರ ಮೂಗಿನಿಂದ ಜಾರಿತು.

“ನನ್ ಮಗಳು ತಿಥಿ ಮಾಡಾಕಿಲ್ಲ. ಅವಳಪ್ಪ ಅವಳಿಗೆ ಅಪ್ಪ, ನಿಮಗೆ ತಾಯಿ. ತಾಯಿ ತಿಥಿ ಮಕ್ಕಳದು. ನೀವೆಲ್ಲ ತಲೆ ಬೋಳಿಸ್ಕಂಡು, ಮಸಣಕ್ಕೆ ಬನ್ನಿ. ಜಾಗ ನಾನು ತೋರಿಸ್ತೀನಿ. ಅಲ್ಲೀಗಂಟ ಆ ಗಲ್ಲಿಗೆ ನಮ್ಮೋರು ಯಾರೂ ಬರಾಕಿಲ್ಲ.”

ಗುರುಮಲ್ಲಪ್ಪ ಕೋಲೆತ್ತಿದರು. ಗೋವಿಂದರಾಜು ಬೇಡ ಎನ್ನಲಿಲ್ಲ. ಆದರೆ ದೂರದಲ್ಲಿದ್ದ ಗುಂಪು ಹತ್ತಿರ ಬಂದಿತ್ತು. ಮುಂದೆ ಚಿಕ್ಕಯ್ಯ ನಿಂತಿದ್ದ. ಅವನ ಕೈಯಲ್ಲಿ ದಫೇದಾರನ ಕೋಲು ಇರಲಿಲ್ಲ. ಕೋಲು ಗಾಳಿಯಲ್ಲೇ ನಿಂತಿತು. ಆಮೇಲೆ ಕೆಳಗಿಳಿಯಿತು. ಇಬ್ಬರೂ ತಿರುಗಿ ಹೋದರು. “ನೋಡ್ಕೋತೀನಿ” ಎಂದು ಗುರುಮಲ್ಲಪ್ಪ ಹೇಳಿದ್ದು ಕೇಳಿಸಿತು.

ನೋಡಿಕೊಳ್ಳುತ್ತಾರೆ. ಬಿಡುವವರಲ್ಲ. ನಾಳೆ ಬರುತ್ತಾರೋ, ನಾಡಿದ್ದು ಬರುತ್ತಾರೋ, ಪೊಲೀಸರನ್ನೇ ಕರೆತರುತ್ತಾರೋ. ಗಂಟು ಇನ್ನೂ ಬಿಚ್ಚಿಲ್ಲ. ಬಾಗಿಲ ತಾಟು ಎಳೆದು, ಕೈಗೆ ಸಿಕ್ಕಿದ ಕಲ್ಲು ಅಡ್ಡ ಇಟ್ಟು, ಅದಕ್ಕೆ ಬೆನ್ನು ಕೊಟ್ಟು ಕೂತೆ. 

“ಅವ್ವ” ಎಂದಳು ಕಮಲ. “ಅವರು ಬ್ಯಾಡ ಅಂದ್ರಲ್ಲ, ಆ ಮಾತು. ಎದರಿಕೆ ಬಿಟ್ಟೋರಿಗೇ ಸತ್ಯ ಸಿಕ್ಕೋದು ಅಂತ. ನಿಂಗೆ ಸಿಕ್ತು ಕಣವ್ವ.”

“ನಿಮ್ಮ ತಾತಂಗೆ ಯೋಳು, ನಂಗೆ ಎದರಿಕೆ ಬುಟ್ಟಿಲ್ಲ. ಎದರ್ಕಂಡೇ ಯೋಳ್ದೆ.”

ಅವಳು ನಕ್ಕಳು. ಗಂಟಿನಿಂದ ಒಂದು ಪುಸ್ತಕ ಎಳೆದು, ಬುಡ್ಡಿ ಹಚ್ಚಿ, ಅಭ್ಯಾಸದಂತೆ ತುಟಿಯೊಳಗೇ ಓದತೊಡಗಿದಳು. ಹೊರಗೆ ಯಾರದೋ ಹೆಜ್ಜೆ ಸದ್ದಾಯಿತು. ನಮ್ಮವರದೋ, ಅವರದೋ ಗೊತ್ತಾಗಲಿಲ್ಲ. ಬೆನ್ನನ್ನು ಕಲ್ಲಿಗೆ ಇನ್ನೂ ಒತ್ತಿ ಕೂತೆ.

“ಜೋರಾಗಿ ಓದು ಮಗ” ಎಂದೆ. “ನಂಗೆ ಭಯ ಆಯ್ತದೆ. ಬೀದಿಗೆಲ್ಲ ಕೇಳೋ ಅಂಗೆ ಓದು.”